ಮಳೆಗಾಲಕ್ಕೊಂದು ಯೆಜ್ಡಿ

ನಮ್ಮ ಉಡುಪಿ ಕಡೆ ಬೈಕುಗಳು ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳ್ತಾ ಇರುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಅಪ್ಪನ ಕಾಲದ್ದು, ಮಾರುವುದಿಲ್ಲ, ಸುಮ್ನೆ ಇಟ್ಟಿದ್ದೇವೆ" ಅಂತಾರೆ. ವರ್ಷಕ್ಕೆ 3500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ, ಸಮುದ್ರದ ಉಪ್ಪು ಗಾಳಿ ಮನೆಯೊಳಗೆ ಬರುವ ಜಾಗದಲ್ಲಿ, ಹಂಚಿನ ಮಾಡಿನ ಕೊಟ್ಟಿಗೆಯಲ್ಲಿ ಕಬ್ಬಿಣವನ್ನು ಸುಮ್ನೆ ಇಡುವುದು ಅಂತ ಒಂದು ಇಲ್ಲವೇ ಇಲ್ಲ. ಅದು ಒಳಗೊಳಗೇ ಕೆಲಸ ಮಾಡ್ತಾ ಇರುತ್ತದೆ. ತುಕ್ಕಿನ ಕೆಲಸ.

ನನ್ನ ಯೆಜ್ಡಿ ಬೈಕು ಸಿಕ್ಕಿದ್ದು ಬ್ರಹ್ಮಾವರದ ಆಚೆ, ನೆಂಟರೊಬ್ಬರ ಮನೆಯ ಸೌದೆ ಕೊಟ್ಟಿಗೆಯಲ್ಲಿ. 250 ಸಿಸಿ, ಎರಡು ಸೈಲೆನ್ಸರಿನ ಹಳೇ ಮಾಡೆಲ್. ಮೇಲಿನಿಂದ ನೋಡಿದರೆ ಅಷ್ಟೇನೂ ಕೆಟ್ಟಿರಲಿಲ್ಲ. ಟ್ಯಾಂಕಿನ ಮೇಲೆ ಗೋಣಿ ಹೊದೆಸಿದ್ದರು. ಆದರೆ ಬಲಗಡೆಯ ಸೈಲೆನ್ಸರಿನ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ನೀಟಾಗಿ ಮುಚ್ಚಿತ್ತು. ಸೀಟಿನ ಅಡಿಯಲ್ಲಿ ಇಲಿ ಸಂಸಾರ ಮಾಡಿ ಹೋಗಿತ್ತು, ವಯರಿನ ರಬ್ಬರು ಪೂರ್ತಿ ತಿಂದು ತಾಮ್ರ ಮಾತ್ರ ಬಿಟ್ಟಿತ್ತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದದ್ದು ಪೆಟ್ರೋಲಿನ ವಾಸನೆ ಅಲ್ಲ, ಹಳೇ ವಾರ್ನಿಷ್ ವಾಸನೆ. ಟಾರ್ಚ್ ಹಾಕಿದರೆ ತಳದಲ್ಲಿ ಕಾಫಿ ಪುಡಿಯ ಹಾಗೆ ತುಕ್ಕು. ಕಿಕ್ ಒತ್ತಿದರೆ ಅಲ್ಲಾಡಲಿಲ್ಲ. ಪಿಸ್ಟನ್ ಹಿಡಿದು ಕೂತಿತ್ತು.

ಯೆಜ್ಡಿ ಬಗ್ಗೆ ಗೊತ್ತಿಲ್ಲದ ಹುಡುಗರಿಗೆ ಎರಡು ಮಾತು. ಇದು ನಮ್ಮದೇ ಮೈಸೂರಿನ ಗಾಡಿ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಇರಾನಿ ಅನ್ನುವ ಮನೆತನದವರು 1960ರಲ್ಲಿ ಐಡಿಯಲ್ ಜಾವಾ ಶುರು ಮಾಡಿದರು. ಕಾರ್ಖಾನೆ ಇದ್ದದ್ದು ಯಾದವಗಿರಿಯಲ್ಲಿ. ಮೊದಲು ಜಾವಾ ಅಂತಲೇ ಮಾರುತ್ತಿದ್ದರು, 1973ರಿಂದ ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಹಾಕಿತು. ಈಗ ಅದೇ ಹೆಸರಿನಲ್ಲಿ ಹೊಸ ಬೈಕುಗಳು ಬಂದಿವೆ, 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ. ಅವು ಫೋರ್ ಸ್ಟ್ರೋಕ್, ಹಳೇದು ಟೂ ಸ್ಟ್ರೋಕ್. ಅದರ ಪಾರ್ಟ್ಸ್ ಇದಕ್ಕೆ ಆಗುವುದಿಲ್ಲ, ಇದರದ್ದು ಅದಕ್ಕೆ ಆಗುವುದಿಲ್ಲ. ಹಳೇದರ ವಿಶೇಷ ಅಂದ್ರೆ ಗೇರಿನ ಲಿವರೇ ಕಿಕ್ಕರ್. ಎಡಗಡೆಯ ಲಿವರನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ, ಗಾಡಿ ಸ್ಟಾರ್ಟ್ ಆದ ಮೇಲೆ ಮುಂದೆ ತಂದು ಬಿಟ್ಟರೆ ಗೇರ್ ಲಿವರ್. ಇನ್ನೊಂದು, ಗೇರ್ ಒತ್ತುವಾಗ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುವ ವ್ಯವಸ್ಥೆ ಒಳಗೇ ಇದೆ. ಆ ಕಾಲಕ್ಕೆ ಇದೆಲ್ಲ ದೊಡ್ಡ ಸಂಗತಿ. ಘಾಟಿ ಹತ್ತುವವರು, ಅಡಿಕೆ ತೋಟದವರು, ರಾತ್ರಿ ಯಕ್ಷಗಾನ ನೋಡಿ ಬೆಳಗ್ಗೆ ಮನೆ ಸೇರುವವರು, ಇವರಿಗೆಲ್ಲ ಪ್ರೀತಿಯ ಗಾಡಿ.

ಇನ್ನು ಮುಖ್ಯ ವಿಷಯಕ್ಕೆ ಬರ್ತೇನೆ. ಹಳೇ ಬೈಕು ರಿಪೇರಿ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಪೇಂಟು ಮತ್ತು ಕ್ರೋಮ್. ಪೂರ್ತಿ ಬಿಚ್ಚಿ, ಸ್ಯಾಂಡ್ ಬ್ಲಾಸ್ಟ್ ಮಾಡಿಸಿ, ಶೋರೂಮಿನಿಂದ ಈಗಷ್ಟೇ ತಂದ ಹಾಗೆ ಹೊಳೆಸಿ, ಆಮೇಲೆ ಸಿಟೌಟಿನಲ್ಲಿ ಬಟ್ಟೆ ಹೊದೆಸಿ ನಿಲ್ಲಿಸುವುದು. ನನಗೆ ಇದು ಸುತಾರಾಂ ಇಷ್ಟ ಇಲ್ಲ. ಒಂದು, ಕರಾವಳಿಯಲ್ಲಿ ಹೊಸ ಕ್ರೋಮ್ ಎಷ್ಟು ದಿನ ನಿಲ್ಲುತ್ತದೆ? ಎರಡನೇ ಮಳೆಗಾಲಕ್ಕೆ ಚುಕ್ಕೆ ಚುಕ್ಕೆ ಬರುತ್ತದೆ. ಎರಡು, ಹಾಗೆ ಮಾಡಿಸಿದವರು ಮಳೆಗೆ ಗಾಡಿ ತೆಗೆಯುವುದಿಲ್ಲ, ಬಿಸಿಲಿಗೂ ತೆಗೆಯುವುದಿಲ್ಲ, ಗೀರು ಬೀಳುತ್ತದೆ ಅಂತ ಪೇಟೆಗೂ ತೆಗೆಯುವುದಿಲ್ಲ. ಮತ್ತೆ ಅದೇ ಕತೆ, ಗಾಡಿ ನಿಂತೇ ಇರುತ್ತದೆ. ಹಾಗಾಗಿ ನಾನು ದುಡ್ಡು ಹಾಕಿದ್ದು ಕಣ್ಣಿಗೆ ಕಾಣದ ಜಾಗಕ್ಕೆ. ಹಳೇ ಪೇಂಟು ಹಾಗೇ ಇದೆ. ಟ್ಯಾಂಕಿನ ಮೇಲೆ ಮೊದಲಿನ ಯಜಮಾನರ ಕೀಗೊಂಚಲು ತಾಗಿ ತಾಗಿ ಆದ ಗುಂಡಗಿನ ಗೀರು ಕೂಡ ಹಾಗೇ ಇದೆ.

ಹಿಡಿದು ಕೂತ ಪಿಸ್ಟನ್ ಬಿಡಿಸಲು ಅವಸರ ಪಡಬಾರದು. ಪ್ಲಗ್ ತೆಗೆದು ಡೀಸೆಲ್ಲಿಗೆ ಸ್ವಲ್ಪ ಆಯಿಲ್ ಬೆರೆಸಿ ಒಳಗೆ ಹೊಯ್ದು ಬಿಡುವುದು, ದಿನಾ ಸಂಜೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸುವುದು. ಕಿಕ್ಕರ್ ಮೇಲೆ ಹತ್ತಿ ನಿಂತು ಹಾರುವವರನ್ನು ನೋಡಿದ್ದೇನೆ, ಅವರ ಕಿಕ್ ಶಾಫ್ಟಿನ ಹಲ್ಲು ಹೋಗಿದ್ದನ್ನೂ ನೋಡಿದ್ದೇನೆ. ನಮ್ಮದು ಒಂದು ಸಂಜೆ ಟಕ್ ಅಂತ ಬಿಟ್ಟಿತು. ಹೆಡ್ ತೆಗೆದಾಗ ಸಿಲಿಂಡರಿನ ಗೋಡೆಯಲ್ಲಿ ಪಿಸ್ಟನ್ ನಿಂತಿದ್ದ ಜಾಗದ ಮೇಲ್ಗಡೆ ಸರಿಯಾಗಿ ಬಳೆಯ ಆಕಾರದಲ್ಲಿ ತುಕ್ಕಿನ ಗೆರೆ. ಉಗುರು ಎಳೆದರೆ ತಾಗುತ್ತಿತ್ತು. ಉಗುರಿಗೆ ತಾಗಿದರೆ ರಿಂಗಿಗೂ ತಾಗುತ್ತದೆ, ಬೋರಿಂಗ್ ಮಾಡಿಸದೆ, ಅಂದ್ರೆ ಸಿಲಿಂಡರಿನ ಒಳಗೋಡೆ ಕೊರೆಸಿ ಅಗಲ ಮಾಡಿಸದೆ, ಬೇರೆ ದಾರಿ ಇಲ್ಲ.

ಈಗ ಆಯಿಲ್ ಸೀಲಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಕಡೆಯ ಅರ್ಧಕ್ಕರ್ಧ ಹಳೇ ಟೂ ಸ್ಟ್ರೋಕ್ ಗಾಡಿಗಳು "ಎಷ್ಟು ಟ್ಯೂನ್ ಮಾಡಿದ್ರೂ ಸರಿ ಆಗ್ತಿಲ್ಲ" ಅಂತ ಗುಜರಿಗೆ ಹೋದದ್ದು ಇದೇ ಕಾರಣಕ್ಕೆ ಅಂತ ನನ್ನ ಅನುಮಾನ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಗಾಳಿ ಮಿಶ್ರಣ ನೇರ ಪಿಸ್ಟನ್ನಿನ ಮೇಲಕ್ಕೆ ಹೋಗುವುದಿಲ್ಲ. ಮೊದಲು ಕೆಳಗೆ ಕ್ರ್ಯಾಂಕ್ ಕೇಸಿಗೆ, ಅಂದ್ರೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಪೆಟ್ಟಿಗೆಗೆ, ಬರುತ್ತದೆ. ಪಿಸ್ಟನ್ ಇಳಿಯುವಾಗ ಅಲ್ಲಿ ಒತ್ತಡ ಹುಟ್ಟಿ, ಪಕ್ಕದ ದಾರಿಗಳಲ್ಲಿ ಮೇಲೆ ನುಗ್ಗುತ್ತದೆ. ಅಂದ್ರೆ ಕ್ರ್ಯಾಂಕ್ ಕೇಸೇ ಒಂದು ಪಂಪ್. ಪಂಪ್ ಅಂದ ಮೇಲೆ ಅದು ಗಾಳಿ ಸೋರಬಾರದು, ಅಲ್ವಾ? ಕ್ರ್ಯಾಂಕಿನ ಎರಡು ತುದಿ ಹೊರಗೆ ಬರುವಲ್ಲಿ ಗಾಳಿ ತಡೆಯುವುದು ಎರಡು ರಬ್ಬರ್ ಸೀಲುಗಳು, ಅಷ್ಟೇ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ.

ಯೆಜ್ಡಿಯಲ್ಲಿ ಬಲಗಡೆ ಡೈನಮೋ ಇದೆ, ಎಡಗಡೆ ಕ್ಲಚ್ಚು ಮತ್ತು ಗೇರ್ ಆಯಿಲ್. ಬಲಗಡೆಯ ಸೀಲ್ ಹೋದರೆ ಎಂಜಿನ್ ಹೊರಗಿನ ಗಾಳಿ ಎಳೆಯುತ್ತದೆ. ಮಿಶ್ರಣ ತೆಳ್ಳಗಾಗುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ, ಎಂಜಿನ್ ಕಾದು ಬಿಸಿಯಾಗುತ್ತದೆ, ಕೊನೆಗೆ ರಸ್ತೆ ಮಧ್ಯದಲ್ಲಿ ಪಿಸ್ಟನ್ ಹಿಡಿಯುತ್ತದೆ. ಎಡಗಡೆಯದ್ದು ಹೋದರೆ ಗೇರ್ ಆಯಿಲನ್ನೇ ಎಳೆದು ಸುಡುತ್ತದೆ. ಹಿಂದೆ ಬೆಳ್ಳಗೆ ಹೊಗೆಯ ಮೋಡ, ಪ್ಲಗ್ಗು ಯಾವಾಗ ನೋಡಿದರೂ ಒದ್ದೆ, ಗೇರ್ ಆಯಿಲ್ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚುತ್ತಾನೆ, ಹಾಕುತ್ತಾನೆ, ಜೆಟ್ ಬದಲಿಸುತ್ತಾನೆ. ಕಾರ್ಬೊರೇಟರ್ ಪಾಪ ಏನೂ ಮಾಡಿರುವುದಿಲ್ಲ.

ಸೀಲ್ ಪರೀಕ್ಷೆ ಮಾಡುವುದನ್ನು ನಾನು ಕಲಿತದ್ದು ಹಿಮದ ದೇಶದವರಿಂದ. ಹೇಳಿದರೆ ಜನ ನಗ್ತಾರೆ. ಯೂಟ್ಯೂಬಿನಲ್ಲಿ ಟೂ ಸ್ಟ್ರೋಕ್ ಅಂತ ಹುಡುಕುತ್ತಾ ಹೋದರೆ ಸಿಗುವುದು ಬೈಕುಗಳಿಗಿಂತ ಜಾಸ್ತಿ ಹಳೇ ಸ್ನೋಮೊಬೈಲುಗಳು, ಹಿಮದ ಮೇಲೆ ಜಾರುವ ಗಾಡಿ. ಕೆನಡಾದ ಕ್ವಿಬೆಕ್‌ನ ವಾಲ್ಕೂರ್ ಅನ್ನುವ ಸಣ್ಣ ಊರಿನಲ್ಲಿ ಬೊಂಬಾರ್ಡಿಯರ್ ಅನ್ನುವವರು 1959ರಲ್ಲಿ ಸ್ಕೀ-ಡೂ ಅಂತ ಮಾರುಕಟ್ಟೆಗೆ ತಂದರು. ಮುಂದೆ ಎರಡು ಸ್ಕೀ ಹಲಗೆ, ಹಿಂದೆ ಅಗಲ ರಬ್ಬರ್ ಬೆಲ್ಟು. ಎಪ್ಪತ್ತರ ದಶಕದವನ್ನು ಅಲ್ಲಿನವರು ಗ್ಯಾರೇಜಿನಲ್ಲಿ ಕೂತು ಬಿಚ್ಚಿ ಜೋಡಿಸುತ್ತಾರೆ. ನೋಡಿದರೆ ಎಲ್ಲ ನಮ್ಮದೇ ಗೋಳು. ಅವರದ್ದು ಬೇಸಿಗೆಯಿಡೀ ನಿಲ್ಲುತ್ತದೆ, ನಮ್ಮದು ಮಳೆಗಾಲವಿಡೀ. ಅದೇ ಗಟ್ಟಿಯಾದ ಸೀಲು, ಅದೇ ಅಂಟು ಹಿಡಿದ ಕಾರ್ಬ್, ಅದೇ ಇಲಿ. ಆದರೆ ಅವರಲ್ಲಿ ಒಂದು ಶಿಸ್ತಿದೆ. ನಿಲ್ಲಿಸುವ ಮೊದಲು ಎಂಜಿನ್ನಿನೊಳಗೆ ಎಣ್ಣೆ ಸಿಂಪಡಿಸಿ ನಿಲ್ಲಿಸುತ್ತಾರೆ. ಮತ್ತೆ ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕ್ ಕೇಸಿಗೆ ಸುಮಾರು 6 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿ ಸೋರುತ್ತದಾ ನೋಡುತ್ತಾರೆ. ಜಾಸ್ತಿ ತುಂಬಿದರೆ ಒಳ್ಳೆಯ ಸೀಲೂ ಹಾರಿ ಹೋದೀತು.

6 ಪಿಎಸ್‌ಐ ತೋರಿಸುವ ಮೀಟರ್ ಎಲ್ಲಿ ತರುವುದು? ಟೈರಿನ ಮೀಟರಿನಲ್ಲಿ ಮುಳ್ಳು ಏಳುವುದೇ ಇಲ್ಲ. ಮನೆಯಲ್ಲಿ ಬಿ.ಪಿ. ನೋಡುವ ಮುಳ್ಳಿನ ಮೀಟರ್ ಇತ್ತು. ಅದರಲ್ಲಿ ಕೊನೆಯ ಅಂಕೆ 300 ಮಿ.ಮೀ. ಪಾದರಸ. ಲೆಕ್ಕ ಹಾಕಿದರೆ 5.8 ಪಿಎಸ್‌ಐ! ಇದಕ್ಕಿಂತ ಬೇಕಾ? ಎರಡು ಎಕ್ಸಾಸ್ಟ್ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಮತ್ತು ಹಲಗೆ ಬಿಗಿದೆ. ಕಾರ್ಬ್ ಕೂರುವ ಜಾಗದಲ್ಲಿ ರಬ್ಬರ್ ಬಿರಡೆ, ಅದರ ಮಧ್ಯೆ ಒಂದು ಪೈಪು, ಪೈಪಿಗೆ ಬಿ.ಪಿ. ಮೀಟರಿನ ಬಲ್ಬು. ಒತ್ತಿದೆ. ಮುಳ್ಳು 300ಕ್ಕೆ ಹೋಗಿ, ನೋಡ್ತಾ ಇದ್ದ ಹಾಗೇ ಇಳಿಯತೊಡಗಿತು. ಡೈನಮೋ ತೆಗೆದ ಜಾಗಕ್ಕೆ ಸೋಪಿನ ನೀರು ಬ್ರಷ್ಷಿನಲ್ಲಿ ಹಚ್ಚಿದರೆ ಕ್ರ್ಯಾಂಕಿನ ಸುತ್ತ ಪುಟುಪುಟು ಗುಳ್ಳೆ. ಆ ಕಡೆ ಗೇರ್ ಆಯಿಲ್ ಹಾಕುವ ತೂತಿನ ಬಾಯಿಗೆ ಸೋಪಿನ ಪೊರೆ ಎಳೆದೆ. ಅದು ನಿಧಾನಕ್ಕೆ ಉಬ್ಬಿ, ನಿಂಬೆಹಣ್ಣಿನಷ್ಟಾಗಿ, ಒಡೆಯಿತು. ಎರಡೂ ಸೀಲ್ ಹೋಗಿದೆ ಅಂತ ಅಲ್ಲಿಗೆ ಖಾತ್ರಿ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಅಮ್ಮ ಮಾತ್ರ ಆ ಮೀಟರನ್ನು ಮತ್ತೆ ಕೈಗೆ ಕಟ್ಟಿಸಿಕೊಳ್ಳಲು ಒಪ್ಪಲಿಲ್ಲ. ಪೆಟ್ರೋಲ್ ವಾಸನೆಯಂತೆ.

ಸೀಲ್ ಹೋಗಿದೆ ಅಂದ್ರೆ ಬೇರಿಂಗೂ ನೋಡಬೇಕು. ಕ್ರ್ಯಾಂಕ್ ಕೇಸ್ ಎರಡು ಹೋಳು ಮಾಡಿದಾಗ ಕಂಡಿತು, ಬೇರಿಂಗಿನ ಗುಂಡು ನಿಂತಿದ್ದ ಜಾಗದಲ್ಲೆಲ್ಲ ಸೂಜಿ ಚುಚ್ಚಿದಷ್ಟು ಸಣ್ಣ ತುಕ್ಕಿನ ಗುಳಿ. ಕೈಯಲ್ಲಿ ತಿರುಗಿಸಿದರೆ ಬೆರಳಿಗೆ ಗರಗರ ಗೊತ್ತಾಗುತ್ತದೆ. ಓಡಿ ಸವೆದ ಬೇರಿಂಗ್ ಹಾಗಿರುವುದಿಲ್ಲ, ಅದು ಲೊಡಲೊಡ ಅಂತದೆ. ಇದು ನಿಂತು ಹೋದ ಬೇರಿಂಗ್. ಕನೆಕ್ಟಿಂಗ್ ರಾಡೂ ಬದಲಿಸಬೇಕಾಯಿತು. ಈ ಎಂಜಿನ್ನಿನ ಕ್ರ್ಯಾಂಕ್ ಬೇರೆ ಬೇರೆ ತುಂಡುಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಅದನ್ನು ಬಿಡಿಸಿ, ಹೊಸ ರಾಡ್ ಹಾಕಿ, ಮತ್ತೆ ಒಂದಿಷ್ಟೂ ಓಲಾಡದ ಹಾಗೆ ಒತ್ತುವುದು ಮನೆಯ ಸುತ್ತಿಗೆಯಲ್ಲಿ ಆಗುವ ಕೆಲಸ ಅಲ್ಲ.

ಅದಕ್ಕೆ ಹೋದದ್ದು ಮಲ್ಪೆಗೆ. ಉಡುಪಿಯಲ್ಲಿ ಬೈಕಿನ ಎಂಜಿನ್ ಕೆಲಸಕ್ಕೆ ಮಲ್ಪೆ ಯಾಕೆ ಅಂತ ಕೇಳಬಹುದು. ಬಂದರು ಇರುವಲ್ಲಿ ಲೇತು ಇರುತ್ತದೆ, ಲೇತು ಇರುವಲ್ಲಿ ಕೈ ಪಳಗಿದವರು ಇರುತ್ತಾರೆ. ಆದರೆ ನಾನು ಹೋದದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡ ಸೇರಿ ರಿಪೇರಿಗೆ ನಿಂತಿರುತ್ತವೆ. ಆಳೆತ್ತರದ ಪ್ರೊಪೆಲರ್ ಶಾಫ್ಟುಗಳ ಸಾಲಿನಲ್ಲಿ ನನ್ನ ಸಿಲಿಂಡರು ಒಂದು ಮೂಲೆಯಲ್ಲಿ ಕೂತು ಕಾದಿತು. ನಾನೂ ಕಾದೆ. ಆ ಕಾಯುವಿಕೆಯಲ್ಲೇ ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ನೋಡುವವರೊಬ್ಬರ ಪರಿಚಯ ಆಯಿತು. ಅವರ ಎಂಜಿನ್ನುಗಳೂ ಟೂ ಸ್ಟ್ರೋಕೇ, ಓಡುವುದು ಸೀಮೆಎಣ್ಣೆಯಲ್ಲಿ. ಉಪ್ಪು ನೀರಿನ ನಡುವೆಯೇ ಬದುಕುವ ಎಂಜಿನ್. ಸಮುದ್ರದಿಂದ ಬಂದ ಕೂಡಲೇ ಸಿಹಿ ನೀರು ಹರಿಸಿ ತೊಳೆಯದಿದ್ದರೆ ಒಳಗೆ ಉಪ್ಪು ಕಟ್ಟುತ್ತದೆ. ನನ್ನ ಬೇರಿಂಗ್ ನೋಡಿ ಅವರು ಹೇಳಿದ್ದು, "ಎಂತ ಮಾರಾಯ್ರೇ, ಇದನ್ನು ಉಪವಾಸ ಹಾಕಿ ಕೊಂದಿದ್ದಾರೆ. ನಿಲ್ಲಿಸುವುದಾದ್ರೆ ಎಣ್ಣೆ ಕುಡಿಸಿ ನಿಲ್ಲಿಸ್ಬೇಕು." ಕೆನಡಾದವರು ಅರ್ಧ ಗಂಟೆಯ ವಿಡಿಯೋದಲ್ಲಿ ಹೇಳಿದ್ದೂ ಇದನ್ನೇ.

ಬೋರಿಂಗ್ ಆಯಿತು, ಓವರ್‌ಸೈಜ್ ಪಿಸ್ಟನ್ ಬಂತು. ಪಾರ್ಟ್ಸಿನ ಬಗ್ಗೆ ಒಂದೇ ಮಾತು: ಯೆಜ್ಡಿಯದ್ದು ಇವತ್ತಿಗೂ ಸಿಗುತ್ತದೆ, ಮೈಸೂರಿನಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಆದರೆ ಸಿಕ್ಕಿದ್ದೆಲ್ಲ ಕೂರುವುದಿಲ್ಲ. ಸೀಲ್ ಮತ್ತು ಬೇರಿಂಗಿಗೆ ಹಳೇದರ ಮೇಲಿನ ನಂಬರ್ ನೋಡಿಕೊಂಡು ಒಳ್ಳೆ ಬೇರಿಂಗ್ ಅಂಗಡಿಗೆ ಹೋಗುವುದು ವಾಸಿ. ಯೆಜ್ಡಿ ಅಂತ ಪ್ಯಾಕೆಟಿನ ಮೇಲೆ ಬರೆದಿರಲೇಬೇಕು ಅಂತ ಹಟ ಬೇಡ.

ಟ್ಯಾಂಕಿನ ತುಕ್ಕು ತೆಗೆಯಲು ಕಲ್ಲು ಹಾಕಿ ಕುಲುಕುವವರಿದ್ದಾರೆ, ಚೈನು ಹಾಕಿ ಕುಲುಕುವವರಿದ್ದಾರೆ. ಭುಜ ನೋಯುತ್ತದೆ, ಮೂಲೆಯ ತುಕ್ಕು ಹೋಗುವುದಿಲ್ಲ. ನನಗೆ ಸರಿ ಕಂಡದ್ದು ಕರೆಂಟಿನ ವಿಧಾನ. ಟ್ಯಾಂಕಿಗೆ ನೀರು ತುಂಬಿ ವಾಷಿಂಗ್ ಸೋಡಾ ಕರಗಿಸಬೇಕು. ಒಂದು ಕಬ್ಬಿಣದ ಸರಳನ್ನು ಎಲ್ಲೂ ಟ್ಯಾಂಕಿಗೆ ತಾಗದ ಹಾಗೆ ಮಧ್ಯೆ ಇಳಿಬಿಡಬೇಕು. ಬ್ಯಾಟರಿ ಚಾರ್ಜರಿನ ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಸರಳಿಗೆ. ಉಲ್ಟಾ ಮಾಡಿದರೆ ಟ್ಯಾಂಕೇ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡ, ಅದರಿಂದ ವಿಷದ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಗ್ಯಾಸ್ ಏಳುತ್ತದೆ, ಆದ್ದರಿಂದ ಹೊರಗೆ ಗಾಳಿಯಲ್ಲಿಟ್ಟು ಮಾಡಬೇಕು, ಹತ್ತಿರ ಬೀಡಿ ಸೇದುವವರನ್ನು ಬಿಡಬಾರದು. ಮಾರನೇ ದಿನ ಸರಳಿನ ಮೇಲೆ ಕೆಂಪು ಕೆಸರು ದಪ್ಪಗೆ ಕಟ್ಟಿರುತ್ತದೆ, ಟ್ಯಾಂಕಿನೊಳಗೆ ಕಪ್ಪು ಮಸಿ ಮಾತ್ರ, ಅದು ತೊಳೆದರೆ ಹೋಗುತ್ತದೆ. ಆದರೆ ತೊಳೆದ ಕೂಡಲೇ ಒಣಗಿಸಿ ಪೆಟ್ರೋಲಿಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಿ ಒಳಗೆಲ್ಲ ಓಡಾಡಿಸಬೇಕು. ಕಾಫಿ ಕುಡಿದು ಬರುತ್ತೇನೆ ಅಂತ ಒಳಗೆ ಹೋದರೆ ಬರುವಷ್ಟರಲ್ಲಿ ಮತ್ತೆ ಕೆಂಪು. ನಮ್ಮ ಗಾಳಿ ಅಂಥದ್ದು.

ಸಣ್ಣ ಪುಟ್ಟ ನಟ್ಟು, ಬೋಲ್ಟು, ಬ್ರೇಕಿನ ರಾಡು ಇವಕ್ಕೆಲ್ಲ ಹಿತ್ತಿಲಿನ ಬಿಂಬುಳಿ ಅನ್ನುವ ಹುಳಿಕಾಯಿಯೇ ಸಾಕಾಯಿತು. ಬಿಂಬುಳಿ ಜಜ್ಜಿ ಅದರ ರಸದಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಬೆಳಗ್ಗೆ ತುಕ್ಕು ಬ್ರಷ್ಷಿಗೆ ಬರುತ್ತದೆ. ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ, ಅಂಗಡಿಯಲ್ಲಿ ತುಕ್ಕು ತೆಗೆಯಲು ಪುಡಿ ಮಾಡಿ ಮಾರುವುದೂ ಅದನ್ನೇ. ಹೇಗೂ ಆ ಮರದಲ್ಲಿ ಬುಡದಿಂದ ತುದಿಯ ತನಕ ಕಾಯಿ ಬಿಟ್ಟು ಅರ್ಧ ನೆಲಕ್ಕೇ ಬೀಳುತ್ತದೆ, ಎಷ್ಟು ಅಂತ ಉಪ್ಪಿನಕಾಯಿ ಹಾಕುವುದು.

ಟ್ಯಾಂಕಿನ ವಿಷಯದಲ್ಲೇ ಇನ್ನೊಂದು ತಲೆನೋವು, ಈಗಿನ ಪೆಟ್ರೋಲು. ಬಂಕುಗಳಲ್ಲಿ ಈಗ ಬರುವುದು 20% ಎಥನಾಲ್ ಸೇರಿದ್ದು. ಎಥನಾಲ್ ನೀರಿನ ಪಸೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಹಾಗೇ ಬಿಟ್ಟರೆ, ಜಾಸ್ತಿ ನೀರು ಸೇರಿದಾಗ ಅದು ಎಥನಾಲ್ ಸಮೇತ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ತುಕ್ಕು ಶುರುವಾಗುವುದು ಅಲ್ಲೇ. ಹಳೇ ಕಾಲದ ರಬ್ಬರ್ ವಾಷರುಗಳಿಗೂ ಅದು ಆಗಿಬರುವುದಿಲ್ಲ, ಉಬ್ಬುತ್ತವೆ. ಪೆಟ್ರೋಲ್ ಕಾಕಿನ ವಾಷರ್, ಪೈಪು ಎಲ್ಲ ಹೊಸ ನಮೂನೆಯವಕ್ಕೆ ಬದಲಿಸಿದೆ. ಮತ್ತೆ ಮನೆಗೆ ಬರುವಾಗ ಗೇಟಿನ ಹತ್ತಿರವೇ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬಿನಲ್ಲಿ ಇದ್ದದ್ದು ಮುಗಿದು ತಾನಾಗಿ ಆಫ್ ಆಗುವ ತನಕ ಬಿಡುತ್ತೇನೆ. 2ಟಿ ಆಯಿಲ್ ಲೀಟರಿಗೆ 40 ಮಿ.ಲೀ., ಅಂದ್ರೆ 25ಕ್ಕೆ ಒಂದು. ಮೊದಲೆಲ್ಲ ಬಂಕಿನಲ್ಲೇ ಆಯಿಲ್ ಹಾಕುವ ಪಂಪಿತ್ತು. ಈಗ ನಾನು ಹಳೇ ಕೆಮ್ಮಿನ ಸಿರಪ್ಪಿನ ಬಾಟಲಿಯಲ್ಲಿ ಅಳೆದು ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಬಂಕಿನ ಹುಡುಗರು ವಿಚಿತ್ರವಾಗಿ ನೋಡ್ತಾರೆ.

ವಯರಿಂಗ್ ಹೊಸದು. 6 ವೋಲ್ಟಿನ ಡೈನಮೋ ತೆಗೆದು 12 ವೋಲ್ಟಿಗೆ ಬದಲಿಸಿದೆ. ಇದಕ್ಕೆ ಹಳೇ ಗಾಡಿಯ ಭಕ್ತರು ಬೈದರು. ಕಂಪನಿಯಿಂದ ಬಂದ ಹಾಗೇ ಇರಬೇಕಂತೆ. ಅವರು ಒಂದು ಸಲ ಜುಲೈ ರಾತ್ರಿ ಹಿರಿಯಡಕ ರಸ್ತೆಯಲ್ಲಿ, ಜಡಿಮಳೆಯಲ್ಲಿ, ಎದುರಿನಿಂದ ಬಸ್ಸು ಹೈ ಬೀಮ್ ಹಾಕಿಕೊಂಡು ಬರುವಾಗ ಆ 6 ವೋಲ್ಟಿನ ದೀಪದಲ್ಲಿ ಹೋಗಿ ಬರಲಿ, ಆಮೇಲೆ ಮಾತಾಡುವ. ಡೈನಮೋ ಬಿಸಾಡಿಲ್ಲ, ಗ್ರೀಸ್ ಹಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ. ಕಂಪನಿಯವರೇ ಮಾಡಿದ ಒಂದು ಒಳ್ಳೆ ಕೆಲಸವನ್ನು ಮಾತ್ರ ಮುಟ್ಟಲಿಲ್ಲ: ಚೈನನ್ನು ಪೂರ್ತಿ ಮುಚ್ಚುವ ಕವರ್. ಈಗಿನ ಬೈಕುಗಳಲ್ಲಿ ಚೈನು ಬತ್ತಲೆ, ಒಂದು ಮಳೆಗೆ ಕೆಂಪಗಾಗುತ್ತದೆ. ಇದರದ್ದು ಬಿಚ್ಚಿದಾಗ ಗ್ರೀಸಿನಲ್ಲಿ ಮುಳುಗಿ ಹೊಸತರ ಹಾಗಿತ್ತು. ಇಡೀ ಗಾಡಿಯಲ್ಲಿ ತುಕ್ಕು ಹಿಡಿಯದ ಒಂದೇ ಕಬ್ಬಿಣ ಅದು.

ಮೊದಲ ಸಲ ಸ್ಟಾರ್ಟ್ ಆದಾಗ ಬಂದ ಹೊಗೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಜೋಡಿಸುವಾಗ ಹಚ್ಚಿದ ಎಣ್ಣೆ, ಸೈಲೆನ್ಸರಿನ ಹಳೇ ಮಸಿ ಎಲ್ಲ ಸುಟ್ಟು ಮುಗಿಯಬೇಕಲ್ಲ. ಆಮೇಲೆ ಹೊಗೆ ತೆಳ್ಳಗಾಗಿ, ಆ ಡುಬು ಡುಬು ಶಬ್ದ ಒಂದು ಲಯಕ್ಕೆ ಬಂತು. ಐಡ್ಲಿಂಗ್ ನಿಂತಿತು. ಸೀಲು ಸರಿ ಇದ್ದರೆ ನಿಂತೇ ನಿಲ್ಲುತ್ತದೆ.

ಕಾಗದ ಪತ್ರದ ಬಗ್ಗೆ ಕೇಳುವವರಿದ್ದಾರೆ. ಸ್ವಂತ ಗಾಡಿಗೆ ಮೊದಲ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ವಿಂಟೇಜ್ ಅಂತ ಬೇರೆ ನೋಂದಣಿಗೆ 2021ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮತ್ತೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ನನಗೆ ವಯಸ್ಸಾದರೂ ಗಾಡಿಗೆ ಆಗಲಿಲ್ಲ, ಒಳ್ಳೆಯದೇ ಆಯಿತು.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಬೇರೆ ಊರಿನವರಿಗೆ ಸರಿ, ನಮಗೆ ಅದು ಸರಿಯಾಗಿ ಜೋರು ಮಳೆಯ ಸಮಯಕ್ಕೆ ಬರುತ್ತದೆ. ಹೊಳೆಯುವ ಗಾಡಿಗಳು ಕೆಲವು ಪಿಕಪ್ಪಿನಲ್ಲಿ ಟಾರ್ಪಲ್ ಹೊದ್ದು ಬರುತ್ತವೆ. ನಾನು ರೈನ್‌ಕೋಟ್ ಹಾಕಿಕೊಂಡು ಓಡಿಸಿಕೊಂಡೇ ಹೋಗುತ್ತೇನೆ, ವಾಪಸ್ ಬಂದು ಬಾವಿ ನೀರಿನಲ್ಲಿ ಅಡಿಭಾಗ ತೊಳೆದು, ಬಿಸಿ ಎಂಜಿನ್ನಿನಲ್ಲೇ ಒಣಗಲು ಬಿಟ್ಟು, ನಟ್ಟುಗಳಿಗೆ ಗ್ರೀಸ್ ಒರೆಸುತ್ತೇನೆ. ಸ್ಪೀಡೋಮೀಟರಿನ ಕೇಬಲ್ ಮಾತ್ರ ಇನ್ನೂ ಸರಿಯಾದದ್ದು ಸಿಕ್ಕಿಲ್ಲ. ತಂದದ್ದೆಲ್ಲ ಒಂದು ಗೇಣು ಉದ್ದ, ಇಲ್ಲ ಗಿಡ್ಡ. ಕಾರ್ಕಳದಲ್ಲಿ ಒಬ್ಬರ ಹತ್ತಿರ ಹಳೇ ಸ್ಟಾಕ್ ಇದೆಯಂತೆ, ಮುಂದಿನ ವಾರ ಹೋಗಬೇಕು, ಯೆಜ್ಡಿಯಲ್ಲೇ.